ಕಲ್ಲಚ್ಚಿಗೆ ಬಿದ್ದ ನಡಿಗೆ

ಬವೇರಿಯಾದ ಸುಣ್ಣಕಲ್ಲಿನಲ್ಲಿ 15 ಕೋಟಿ ವರ್ಷ ಹಳೆಯ ಒಂದು ನಡಿಗೆ ಆರಂಭದಿಂದ ಕೊನೆಯವರೆಗೂ ಉಳಿದುಕೊಂಡಿದೆ. ನಡೆದ ಜೀವವೂ ಆ ಹಾದಿಯ ತುದಿಯಲ್ಲೇ ಮಲಗಿದೆ. ಎಲುಬಿಲ್ಲದ, ಚಿಪ್ಪಿನಲ್ಲಿ ಸುಣ್ಣದ ಗಟ್ಟಿತನವೂ ಇಲ್ಲದ ಲಾಳದೇಡಿ ಕಲ್ಲಾಗುವುದು ಹೇಗೆ?

1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಹೊರತಂದಾಗ ಮೊಳೆ ಜೋಡಿಸಿ ಅಚ್ಚು ಹಾಕಲಿಲ್ಲ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮಸಿಯ ಉರುಳೆ ಹಾಯಿಸಿ, ಮೇಲೆ ಕಾಗದವಿಟ್ಟು ಒತ್ತಿ ತೆಗೆದರು. ನೀರು ಕುಡಿದ ಕಡೆ ಕಲ್ಲು ಮಸಿಯನ್ನು ದೂರವಿಡುತ್ತದೆ, ಜಿಡ್ಡು ಹತ್ತಿದ ಕಡೆ ಹಿಡಿದುಕೊಳ್ಳುತ್ತದೆ. ಆ ವಿದ್ಯೆಗೆ ಕನ್ನಡಿಗರು ಕೊಟ್ಟ ಹೆಸರು ಕಲ್ಲಚ್ಚು.

ಈ ಲೇಖನ ಪತ್ರಿಕೆಯ ಬಗೆಗಿನದಲ್ಲ. ಆದರೆ ನಾನು ಹೇಳಹೊರಟ ಪ್ರಾಣಿಯ ಬಳಿಗೆ ಹೋಗಲು ಈ ಮಾತಿಗಿಂತ ಹತ್ತಿರದ ದಾರಿ ನನಗೆ ಸಿಗಲಿಲ್ಲ. ಕಲ್ಲಚ್ಚು ಹುಟ್ಟಿದ್ದು ಯಾವ ಕಲ್ಲಿನ ಮೇಲೋ, ಜಗತ್ತಿನ ಅತ್ಯಂತ ಪ್ರಸಿದ್ಧ ಲಾಳದೇಡಿಗಳು ಅಚ್ಚಾಗಿರುವುದೂ ಅದೇ ಕಲ್ಲಿನಲ್ಲಿ. ಎರಡಕ್ಕೂ ಕಾರಣವಾದ ಗುಣವೂ ಒಂದೇ.

ದಕ್ಷಿಣ ಜರ್ಮನಿಯ ಆಲ್ಟ್‌ಮ್ಯೂಲ್ ನದಿಯ ದಂಡೆಯಲ್ಲಿ ಸೋಲ್ನ್‌ಹೋಫೆನ್ ಎಂಬ ಊರಿದೆ. ಅದರ ಸುತ್ತಲಿನ ಗುಡ್ಡಗಳೆಲ್ಲ ಹಾಳೆ ಹಾಳೆಯಾಗಿ ಏಳುವ ತಿಳಿಹಳದಿ ಸುಣ್ಣಕಲ್ಲು. ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲನ್ನು ನೆಲಕ್ಕೆ ಹಾಸಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಉಳಿಯಿಟ್ಟು ಮೆಲ್ಲಗೆ ಬಡಿದರೆ ಚಪ್ಪಡಿ ತಾನೇ ಬಿಟ್ಟುಕೊಳ್ಳುತ್ತದೆ. ಬವೇರಿಯಾದವರೂ ಆ ಕಲ್ಲನ್ನು ಶತಮಾನಗಳಿಂದ ನೆಲಕ್ಕೂ ಮಾಡಿಗೂ ಬಳಸುತ್ತ ಬಂದವರೇ. 1796ರ ಸುಮಾರಿಗೆ ಮ್ಯೂನಿಕ್ಕಿನ ನಾಟಕಕಾರ ಆಲೋಯಿಸ್ ಸೆನೆಫೆಲ್ಡರ್ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. ಒಂದು ದಿನ ಒಗೆಯಲು ಕೊಟ್ಟ ಬಟ್ಟೆಗಳ ಲೆಕ್ಕ ಬರೆದಿಡಲು ಕಾಗದ ಸಿಗದೆ, ಕೈಗೆ ಸಿಕ್ಕ ಸುಣ್ಣಕಲ್ಲಿನ ಮೇಲೆ ಬರೆದನಂತೆ. ಇದು ಅವನೇ ಬರೆದುಕೊಂಡ ಕಥೆ. ಮುಂದಿನ ಶತಮಾನವಿಡೀ ಜಗತ್ತಿನ ಅಚ್ಚುಕೂಟಗಳು ಶ್ರೇಷ್ಠವೆಂದು ಬಯಸಿ ತರಿಸಿಕೊಂಡದ್ದು ಈ ಊರಿನ ಕಲ್ಲನ್ನೇ. 1861ರಲ್ಲಿ ಇಲ್ಲಿ ಸಿಕ್ಕ ಆದಿಹಕ್ಕಿಗೆ ಹೆಸರಿಡುವಾಗಲೂ ವಿಜ್ಞಾನಿಗಳು ಅಚ್ಚಿನ ಕಲ್ಲನ್ನು ಮರೆಯಲಿಲ್ಲ. ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ ಎಂಬ ಹೆಸರಿನ ಉತ್ತರಾರ್ಧ ಕಲ್ಲಚ್ಚಿನದೇ.

ಆ ಕಲ್ಲಿನ ಕಣ ಅಷ್ಟು ನುಣುಪು. ಕೂದಲಿನಂಥ ಗೆರೆಯನ್ನೂ ಅದು ಒಡೆಯದೆ ಹಿಡಿದುಕೊಳ್ಳುತ್ತದೆ. ಸೆನೆಫೆಲ್ಡರನ ಲೇಖನಿಯ ಗೆರೆಯನ್ನು ಹಿಡಿಯುವುದಕ್ಕೆ 15 ಕೋಟಿ ವರ್ಷ ಮೊದಲು ಅದು ಹಕ್ಕಿಯ ಗರಿಯನ್ನು, ಕೊಡತಿಹುಳುವಿನ ರೆಕ್ಕೆಯ ನರವನ್ನು, ಒಂದು ಪುಟ್ಟ ಲಾಳದೇಡಿಯ ಹೆಜ್ಜೆಯನ್ನು ಹಿಡಿದಿತ್ತು.

ಹತ್ತು ಮೀಟರಿನ ಆಯುಷ್ಯ

ಅಮೆರಿಕದ ವಯೋಮಿಂಗ್ ರಾಜ್ಯದ ಥರ್ಮಾಪೊಲಿಸ್ ಊರಿನ ಡೈನೊಸಾರ್ ವಸ್ತುಸಂಗ್ರಹಾಲಯದಲ್ಲಿ ಈಗ ಒಂದು ಉದ್ದನೆಯ ಚಪ್ಪಡಿಯಿದೆ. ಅದು ಸಿಕ್ಕಿದ್ದು 2002ರಲ್ಲಿ, ಬವೇರಿಯಾದ ಐಖ್‌ಸ್ಟೆಟ್ ಪಟ್ಟಣದ ಬಳಿಯ ವಿಂಟರ್ಸ್‌ಹೋಫ್ ಕ್ವಾರಿಯಲ್ಲಿ. ಉದ್ದ 9.7 ಮೀಟರ್. ಅದರ ಮೇಲೆ ಎರಡು ಬದಿಗೂ ಚುಕ್ಕಿಗಳ ಸಾಲು, ನಡುವೆ ಆಗಾಗ ಕಾಣಿಸಿಕೊಂಡು ಮರೆಯಾಗುವ ಒಂದು ಗೆರೆ. ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆಯುವ ರಂಗೋಲಿಯನ್ನು ಯಾರೋ ಉದ್ದಕ್ಕೆ ಬಿಡಿಸುತ್ತ ಹೋದಂತೆ. ಗೆರೆ ಮುಗಿಯುವಲ್ಲಿ 12.7 ಸೆಂಟಿಮೀಟರಿನ ಲಾಳದೇಡಿ ಇದೆ. ಹೆಸರು ಮೆಸೋಲಿಮ್ಯುಲಸ್ ವಾಲ್ಖಿ. ಇನ್ನೂ ಪ್ರಾಯಕ್ಕೆ ಬಾರದ ಮರಿ ಅದು.

ಡೀನ್ ಲೋಮ್ಯಾಕ್ಸ್ ಮತ್ತು ಕ್ರಿಸ್ಟೋಫರ್ ರಾಕೇ ಎಂಬ ಇಬ್ಬರು ಈ ಚಪ್ಪಡಿಯನ್ನು ಓದಿ 2012ರಲ್ಲಿ ಪ್ರಕಟಿಸಿದರು. ‘ಓದಿ’ ಎಂದು ಬೇಕೆಂದೇ ಬರೆದೆ. ಮೊದಲ ಗುರುತು ಹೆಜ್ಜೆಯದಲ್ಲ, ಬಿದ್ದದ್ದರದು. ಬಹುಶಃ ಬಿರುಗಾಳಿಯ ಅಲೆಯೊಂದು ಅದನ್ನು ತೆರೆದ ಕಡಲಿನಿಂದ ಎತ್ತಿ ಒಳಗಿನ ಲಗೂನಿಗೆ ಎಸೆದಿರಬೇಕು. ಅದು ಬೆನ್ನಡಿಯಾಗಿ ತಳ ಮುಟ್ಟಿತು, ಕೆಸರಿನಲ್ಲಿ ಹೊರಳಿ ನೆಟ್ಟಗಾಯಿತು, ನಡೆಯತೊಡಗಿತು. ಮೊದಮೊದಲ ಹೆಜ್ಜೆಗಳು ಸ್ಪಷ್ಟವಾಗಿವೆ, ಒಂದರ ಹಿಂದೊಂದು ಲೆಕ್ಕಕ್ಕೆ ಬೀಳುವಂತಿವೆ. ಸ್ವಲ್ಪ ದೂರದಲ್ಲಿ ದಿಕ್ಕು ಬದಲಾಗುತ್ತದೆ, ಮತ್ತೆ ಬದಲಾಗುತ್ತದೆ. ಬಾಲ ನೆಲಕ್ಕೆ ತಾಗುತ್ತದೆ, ಏಳುತ್ತದೆ, ಮತ್ತೆ ತಾಗುತ್ತದೆ. ಕೊನೆಯ ಹಂತದಲ್ಲಿ ಹೆಜ್ಜೆಗಳ ಹದ ತಪ್ಪುತ್ತದೆ. ಆಮೇಲೆ ಹೆಜ್ಜೆಗಳಿಲ್ಲ, ಹೆಜ್ಜೆಯಿಟ್ಟ ಜೀವವಿದೆ.

ತನ್ನ ಉದ್ದದ ಎಪ್ಪತ್ತಾರು ಪಟ್ಟು ನಡೆದು ಅದು ಸತ್ತಿತು. ಪಳೆಯುಳಿಕೆಗಳ ಲೋಕದಲ್ಲಿ ಹೆಜ್ಜೆ ಒಂದು ಕಡೆ ಸಿಗುತ್ತದೆ, ಹೆಜ್ಜೆಯಿಟ್ಟವರು ಬೇರೆಲ್ಲೋ ಸಿಗುತ್ತಾರೆ, ಬಹಳ ಸಲ ಸಿಗುವುದೇ ಇಲ್ಲ. ಎರಡೂ ಒಂದೇ ಕಲ್ಲಿನಲ್ಲಿ, ಅದೂ ಬಿದ್ದ ಕ್ಷಣದಿಂದ ಸತ್ತ ಕ್ಷಣದವರೆಗೆ, ಸಿಗುವುದು ಅಪರೂಪದಲ್ಲಿ ಅಪರೂಪ. ಆ ಚಪ್ಪಡಿಯ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಕೊನೆಯ ಏಡಿಯ ಮೇಲೆ ನಿಲ್ಲುವುದಿಲ್ಲ. ನಡುವೆ ಅದು ತಿರುಗಿದ ಜಾಗಗಳ ಮೇಲೆ ನಿಲ್ಲುತ್ತದೆ. ಆ ಕತ್ತಲ ತಳದಲ್ಲಿ ಅದಕ್ಕೆ ಯಾವ ಸುಳಿವು ಸಿಕ್ಕಿತೆಂದು ಅಲ್ಲಿ ಎಡಕ್ಕೆ ಹೊರಳಿತೋ.

ಕೊಂದ ನೀರೇ ಕಾಯ್ದ ನೀರು

ಅದನ್ನು ಕೊಂದದ್ದು ನೀರು. ಜುರಾಸಿಕ್ ಯುಗದ ಕೊನೆಗೆ ಈ ಪ್ರದೇಶ ಬಿಸಿಲ ನಾಡಿನ ಆಳವಿಲ್ಲದ ಕಡಲಾಗಿತ್ತು. ಸ್ಪಂಜು ಮತ್ತು ಹವಳದ ದಿಬ್ಬಗಳು ಅಲ್ಲಲ್ಲಿ ತಡೆಗೋಡೆಯಂತೆ ನಿಂತು ಲಗೂನುಗಳನ್ನು ತೆರೆದ ಕಡಲಿನಿಂದ ಬೇರೆ ಮಾಡಿದ್ದವು. ಬಿಸಿಲಿಗೆ ನೀರು ಆವಿಯಾದಂತೆ ಉಳಿದ ನೀರು ಉಪ್ಪೇರುತ್ತ ಹೋಯಿತು. ಉಪ್ಪೇರಿದ ನೀರಿಗೆ ಭಾರ ಹೆಚ್ಚು, ಅದು ತಳ ಸೇರಿ ಅಲ್ಲೇ ಕದಲದೆ ನಿಂತಿತು. ಮೇಲಿನ ನೀರಿನೊಂದಿಗೆ ಬೆರೆಯದ ಆ ನೀರಿನಲ್ಲಿ ಆಮ್ಲಜನಕ ಉಳಿಯಲಿಲ್ಲ. ಮೇಲುಪದರದಲ್ಲಿ ಮೀನು ಈಜುತ್ತಿದ್ದಿರಬಹುದು, ತಳಕ್ಕೆ ಇಳಿದದ್ದು ಬದುಕಲಿಲ್ಲ.

ಸೋಲ್ನ್‌ಹೋಫೆನ್ನಿನ ಬಹುಪಾಲು ಜೀವಿಗಳು ತಳಕ್ಕೆ ಬಿದ್ದ ಜಾಗದಲ್ಲೇ ಬಿದ್ದಿವೆ, ಸುತ್ತ ಒಂದು ಹೆಜ್ಜೆಯ ಗುರುತೂ ಇಲ್ಲ. ಅಲ್ಲಿ ಎದ್ದು ನಡೆಯುವಷ್ಟು ಗಟ್ಟಿಗ ಲಾಳದೇಡಿಯೊಂದೇ ಎನ್ನುವಂತಿದೆ. ಈಗ ಬದುಕಿರುವ ಇದರ ಬಂಧುಗಳೂ ಹಾಗೆಯೇ: ಉಪ್ಪು ಹೆಚ್ಚಾದರೂ ಕಡಿಮೆಯಾದರೂ ತಾಳುತ್ತವೆ, ಆಮ್ಲಜನಕ ಕುಸಿದ ನೀರಿನಲ್ಲೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಆ ಸಹನೆಯೇ ಈ ಮರಿಗೆ ಹತ್ತು ಮೀಟರಿನ ಸಮಯ ಕೊಟ್ಟಿತು.

ಇನ್ನು ಹೆಜ್ಜೆ ಉಳಿದದ್ದು ಹೇಗೆ? ನಾಟಿ ಗದ್ದೆಯಲ್ಲಿ ನಡೆದವರಿಗೆ ಗೊತ್ತು, ಕಾಲೆತ್ತಿದ ಕೂಡಲೇ ಕೆಸರು ಕುಸಿದು ಹೆಜ್ಜೆ ತುಂಬಿಕೊಳ್ಳುತ್ತದೆ. ಲಗೂನಿನ ತಳದ ಸುಣ್ಣದ ಕೆಸರು ಹಾಗೆ ಕುಸಿಯಲಿಲ್ಲ. ಅದರ ಮೇಲೆ ಸೂಕ್ಷ್ಮಜೀವಿಗಳ ತೆಳುಪರೆ ಹರಡಿತ್ತು, ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದಂತೆ. ಕೆನೆಗೆ ಬೆರಳೊತ್ತಿದರೆ ಗುರುತು ನಿಲ್ಲುತ್ತದಲ್ಲ, ಹಾಗೆ ಕಾಲಿನ ಗುರುತು ನಿಂತಿತು. ಮುಂದೆ ನವಿರಾದ ಸುಣ್ಣದ ಧೂಳು ಮೇಲಿನಿಂದ ಇಳಿದು ಅದನ್ನು ಮುಚ್ಚಿತು. ಬೇರೆ ಕಡಲತಳವಾಗಿದ್ದರೆ ಹುಳುಗಳು ಕೆಸರನ್ನು ಕೊರೆದು ಉತ್ತು ಹಾಕುತ್ತಿದ್ದವು, ಹೆಣ ತಿನ್ನುವ ಏಡಿ ಸಿಗಡಿಗಳು ಬಂದು ಕೈಕಾಲು ಕಿತ್ತೊಯ್ಯುತ್ತಿದ್ದವು. ಇಲ್ಲಿ ಅವು ಯಾವುವೂ ಬದುಕುವಂತಿರಲಿಲ್ಲ. ಮರಿಯ ಉಸಿರು ಕಟ್ಟಿಸಿದ ನೀರೇ ಅದರ ಹೆಣಕ್ಕೆ ಕಾವಲು ನಿಂತಿತು. ಲಾಳದೇಡಿಯ ಪಳೆಯುಳಿಕೆಗಳ ಬಗ್ಗೆ ಒಂದೇ ಮಾತು ಹೇಳು ಎಂದರೆ ನಾನು ಹೇಳುವುದು ಇದನ್ನೇ. ಕಲ್ಲಾಗಿ ಉಳಿದವುಗಳಲ್ಲಿ ಹೆಚ್ಚಿನವು ಬಾಳಿದ ಜಾಗದಲ್ಲಿ ಉಳಿದವಲ್ಲ, ಬಾಳಲಾಗದ ಜಾಗಕ್ಕೆ ಬಂದು ಉಳಿದವು.

ಏಡಿಯಲ್ಲದ ಏಡಿ

ಲಾಳದೇಡಿ ಎಂಬ ಹೆಸರು ಇಂಗ್ಲಿಷಿನಿಂದ ಬಂದದ್ದು. ಮೇಲಿನಿಂದ ನೋಡಿದರೆ ಮುಂಭಾಗದ ಗುರಾಣಿ ಕುದುರೆಯ ಲಾಳದ ಆಕಾರದಲ್ಲಿದೆ ಎಂಬುದೇನೋ ನಿಜ. ಏಡಿ ಎಂಬುದು ಮಾತ್ರ ತಪ್ಪು. ಏಡಿಗಿರುವ ಮೀಸೆ ಇದಕ್ಕಿಲ್ಲ. ಬಾಯಿಯ ಮುಂದೆ ಒಂದು ಜೊತೆ ಪುಟ್ಟ ಇಕ್ಕಳಗಳಿವೆ, ಜೇಡಕ್ಕೂ ಚೇಳಿಗೂ ಇರುವ ಅಂಗವೇ ಅದು. ಇದು ಅವುಗಳ ಕಡಲವಾಸಿ ಬಂಧು. ಇದರ ಬಾಯಿರುವುದು ಕಾಲುಗಳ ನಡುವೆ. ಕಾಲಿನ ಬುಡದ ಮುಳ್ಳುಗಳೇ ಆಹಾರವನ್ನು ಅರೆದು ಒಳಗೆ ತಳ್ಳುತ್ತವೆ, ಹಾಗಾಗಿ ನಡೆಯುವುದೂ ಅಗಿಯುವುದೂ ಒಂದೇ ಅಂಗದ ಕೆಲಸ. ಹೊಟ್ಟೆಯಡಿಯಲ್ಲಿ ಐದು ಜೊತೆ ಕಿವಿರುಗಳಿವೆ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಡಚಿಕೊಂಡು. ಹಿಂದೆ ಕತ್ತಿಯಂಥ ಉದ್ದನೆಯ ಬಾಲದ ಮುಳ್ಳು. ಇದು ಚುಚ್ಚಲಿಕ್ಕಲ್ಲ. ಮಗುಚಿ ಬಿದ್ದಾಗ ನೆಲಕ್ಕೆ ಊರಿ ಮತ್ತೆ ನೆಟ್ಟಗಾಗಲಿಕ್ಕೆ. ವಿಂಟರ್ಸ್‌ಹೋಫಿನ ಮರಿ ತಳ ಮುಟ್ಟಿದೊಡನೆ ಹೊರಳಿಕೊಳ್ಳಲು ಬೇಕಾದದ್ದೂ ಇದೇ.

ಪಳೆಯುಳಿಕೆಯ ಕಥೆಯಲ್ಲಿ ಮುಖ್ಯವಾದದ್ದು ಇದರ ಚಿಪ್ಪು. ನಾವು ಬೇಯಿಸಿ ಒಡೆಯುವ ಏಡಿಯ ಚಿಪ್ಪಿನಲ್ಲಿ ಸುಣ್ಣ ಸೇರಿರುತ್ತದೆ, ಕಟಕ್ಕೆನ್ನುವ ಗಟ್ಟಿತನ ಅದರದೇ. ಪುರಾತನ ಕಡಲಿನ ಟ್ರೈಲೊಬೈಟುಗಳ ಬೆನ್ನಿನಲ್ಲೂ ಸುಣ್ಣದ ಹರಳಿತ್ತು, ಆದ್ದರಿಂದಲೇ ಅವು ಲಕ್ಷಗಟ್ಟಲೆ ಸಿಗುತ್ತವೆ. ಲಾಳದೇಡಿಯ ಕವಚದಲ್ಲಿ ಆ ಸುಣ್ಣವಿಲ್ಲ. ಅದು ಕೈಟಿನ್ ಮತ್ತು ಪ್ರೋಟೀನುಗಳನ್ನು ನೆಯ್ದು ಮಾಡಿದ್ದು, ಜಿರಲೆಯ ರೆಕ್ಕೆಯ ಜಾತಿಯ ವಸ್ತು. ಬದುಕಿರುವಾಗ ಎಷ್ಟೇ ಬಿರುಸಾಗಿರಲಿ, ಸತ್ತ ಮೇಲೆ ಬ್ಯಾಕ್ಟೀರಿಯಾಗಳಿಗೆ ಆಹಾರ. ಸಾಧಾರಣ ಕಡಲತಳದಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಲಾಳದೇಡಿಯ ವಂಶ 44 ಕೋಟಿ ವರ್ಷಗಳಿಗೂ ಹಳೆಯದು. ಕೆನಡಾದ ಮ್ಯಾನಿಟೋಬಾದಲ್ಲಿ ಸಿಕ್ಕ, 2008ರಲ್ಲಿ ಲೂನಾಟಾಸ್ಪಿಸ್ ಅರೋರಾ ಎಂದು ಹೆಸರಿಟ್ಟ ಪುಟ್ಟ ಜೀವಿ 44.5 ಕೋಟಿ ವರ್ಷಗಳದು. ಅಷ್ಟು ದೀರ್ಘ ಕಾಲದಲ್ಲಿ ನಮಗೆ ಸಿಕ್ಕಿರುವುದು ಅಲ್ಲೊಂದು ಇಲ್ಲೊಂದು ಕಿಟಕಿ ಮಾತ್ರ. ಕಿಟಕಿ ತೆರೆದದ್ದೆಲ್ಲ ಅಸಾಮಾನ್ಯ ಜಾಗಗಳಲ್ಲೇ.

ಸಿಕ್ಕಿದ್ದೆಲ್ಲ ಹೆಣವೇ ಎಂದುಕೊಳ್ಳುವಂತೆಯೂ ಇಲ್ಲ. ಇಂದಿನ ಅಟ್ಲಾಂಟಿಕ್ ಲಾಳದೇಡಿ ಪ್ರಾಯಕ್ಕೆ ಬರಲು ಒಂಬತ್ತು ಹತ್ತು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಹದಿನಾರು ಹದಿನೇಳು ಬಾರಿ ಪೊರೆ ಕಳಚುತ್ತದೆ. ಗುರಾಣಿಯ ಮುಂದಿನ ಅಂಚು ಬಿರಿಯುತ್ತದೆ, ಜೀವಿ ಆ ಸೀಳಿನಿಂದ ಮುಂದಕ್ಕೆ ತೆವಳಿ ಹೊರಬರುತ್ತದೆ, ಹಿಂದೆ ತನ್ನದೇ ಆಕಾರದ ಟೊಳ್ಳು ಅಂಗಿ ಬಿಟ್ಟು. ಒಂದು ಜೀವಿ ಒಂದೇ ಸಲ ಸಾಯುತ್ತದೆ, ಅಂಗಿಯನ್ನಾದರೋ ಹದಿನಾರು ಸಲ ಬಿಡುತ್ತದೆ. ಹಾಗಾಗಿ ಕಲ್ಲಿನಲ್ಲಿ ಲಾಳದೇಡಿ ಕಂಡಾಗ ತಜ್ಞರು ಮೊದಲು ನೋಡುವುದು ಮುಂದಿನ ಅಂಚನ್ನು. ಅಲ್ಲಿ ಬಿರುಕಿದ್ದರೆ ಅದು ಪೊರೆ, ಅದರೊಳಗಿದ್ದ ಜೀವ ಮತ್ತಷ್ಟು ದಿನ ಬಾಳಿರಬಹುದು. ಸಾವಿನ ದಾಖಲೆ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದು ಬೆಳೆದದ್ದರ ದಾಖಲೆಯಾಗಿರುವ ಸಾಧ್ಯತೆ ನನಗೆ ಬಹಳ ಇಷ್ಟವಾದ ಸಂಗತಿ.

ಹಕ್ಕಿಯ ಹೆಜ್ಜೆ ಎಂದುಕೊಂಡದ್ದು

ಹೆಜ್ಜೆಗಳನ್ನು ಓದುವಲ್ಲಿ ವಿದ್ವಾಂಸರು ಬಹುಕಾಲ ತಪ್ಪಿದರು. ಆ ತಪ್ಪಿನಲ್ಲೂ ಕಲಿಯುವುದಿದೆ. ಸೋಲ್ನ್‌ಹೋಫೆನ್ ಕಲ್ಲಿನಲ್ಲಿ ಮೂರು ನಾಲ್ಕು ಬೆರಳು ಚಾಚಿದಂಥ ಪುಟ್ಟ ಗುರುತುಗಳು 19ನೇ ಶತಮಾನದಿಂದಲೇ ಸಿಗುತ್ತಿದ್ದವು. ಅವು ಆದಿಹಕ್ಕಿಯವು ಎಂದರು ಕೆಲವರು, ಹಾರುವ ಸರೀಸೃಪದವು ಎಂದರು ಇನ್ನು ಕೆಲವರು, ಸಣ್ಣ ಡೈನೊಸಾರ್ ಕುಪ್ಪಳಿಸಿದ್ದು ಎಂದವರೂ ಇದ್ದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇನ್ನೂ ಹಳೆಯ, ಡೆವೋನಿಯನ್ ಯುಗದ ಕಲ್ಲಿನಲ್ಲಿ ಸಿಕ್ಕ ಇಂಥವೇ ಗುರುತುಗಳಿಗೆ 1935ರಲ್ಲಿ ಪ್ಯಾರಾಂಫಿಬಿಯಸ್ ಎಂದು ಹೆಸರಿಟ್ಟರು. ಮೀನು ನೆಲಕ್ಕೇರುತ್ತಿದ್ದ ಕಾಲದ ಉಭಯವಾಸಿಯ ಕಾಲಿನ ಗುರುತು ಸಿಕ್ಕಿತೆಂಬ ಸಂಭ್ರಮ ಅದರ ಹಿಂದಿತ್ತು.

ಕೆನೆತ್ ಕ್ಯಾಸ್ಟರ್ ಎಂಬ ಅಮೆರಿಕದ ಪಳೆಯುಳಿಕೆತಜ್ಞ 1938ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಈ ಹೆಜ್ಜೆಗಳನ್ನೆಲ್ಲ ಬಿಡಿಸಿ ತೋರಿಸಿದ. ಲಾಳದೇಡಿಯ ಮುಂದಿನ ಕಾಲುಗಳ ತುದಿಯಲ್ಲಿ ಸಣ್ಣ ಇಕ್ಕಳವಿರುತ್ತದೆ, ಅವು ಕೆಸರಿನಲ್ಲಿ ಚುಕ್ಕಿ ಚುಕ್ಕಿ ಗುರುತು ಬಿಡುತ್ತವೆ. ಕೊನೆಯ ಜೊತೆ ಕಾಲಿನ ತುದಿಯೇ ಬೇರೆ. ಅಲ್ಲಿ ಎಲೆಯಂಥ ಅಲಗುಗಳಿವೆ. ಕೆಸರನ್ನು ಹಿಂದಕ್ಕೆ ನೂಕುವಾಗ ಅವು ಬಿಚ್ಚಿಕೊಳ್ಳುತ್ತವೆ. ಆಗ ಮೂಡುವ ಗುರುತು ಥೇಟ್ ಹಕ್ಕಿಯ ಹೆಜ್ಜೆ. ಹಕ್ಕಿಯೂ ಡೈನೊಸಾರೂ ಉಭಯವಾಸಿಯೂ ಒಂದೇ ಜೀವಿಯ ಹಿಂಗಾಲಿನಿಂದ ಹುಟ್ಟಿದ್ದವು! ಇಂಥ ಹೆಜ್ಜೆಸಾಲುಗಳಿಗೆ ಈಗ ಕೌಫಿಕ್ನಿಯಂ ಎಂಬ ಹೆಸರಿದೆ.

ತಪ್ಪಿಗೆ ಮತ್ತೊಂದು ಕಾರಣವೂ ಇತ್ತು. ಹೆಜ್ಜೆಯ ಒತ್ತಡ ಮೇಲಿನ ಪದರಕ್ಕೆ ಮಾತ್ರ ಬೀಳುವುದಿಲ್ಲ. ಕಾರ್ಬನ್ ಕಾಗದವಿಟ್ಟು ರಸೀದಿ ಬರೆದಂತೆ ಕೆಳಗಿನ ಪದರಗಳಿಗೂ ಇಳಿಯುತ್ತದೆ. ಆಳಕ್ಕೆ ಹೋದಂತೆ ಹಗುರ ಕಾಲಿನ ಗುರುತು ಅಳಿಸಿ, ಬಲವಾಗಿ ನೂಕಿದ ಹಿಂಗಾಲಿನದು ಮಾತ್ರ ಉಳಿಯುತ್ತದೆ. ಕಲ್ಲು ಸೀಳುವಾಗ ಯಾವ ಪದರ ಬಿಚ್ಚಿಕೊಂಡಿತೋ ಆ ಪ್ರತಿ ನಮ್ಮ ಕೈಗೆ ಬರುತ್ತದೆ. ಮೂರನೆಯ ಪ್ರತಿಯನ್ನು ಹಿಡಿದು ಮೂಲ ಇದೇ ಎಂದು ವಾದಿಸುವ ಅಪಾಯ ಅಲ್ಲಿತ್ತು.

ಕಲ್ಲಾದ ಸ್ನಾಯು, ಮಣ್ಣಾದ ಮಿದುಳು

ಚಿಪ್ಪು ಉಳಿದದ್ದೇ ದೊಡ್ಡದು ಎಂದುಕೊಂಡಿದ್ದವರಿಗೆ 2005ರಲ್ಲಿ ಅಚ್ಚರಿ ಕಾದಿತ್ತು. ಜರ್ಮನಿಯದೇ ನುಸ್‌ಪ್ಲಿಂಗೆನ್ ಎಂಬಲ್ಲಿನ ಜುರಾಸಿಕ್ ಸುಣ್ಣಕಲ್ಲಿನಲ್ಲಿ ಸಿಕ್ಕ ಮೆಸೋಲಿಮ್ಯುಲಸ್ ಒಂದರಲ್ಲಿ ಡೆರೆಕ್ ಬ್ರಿಗ್ಸ್ ಮತ್ತು ಸಂಗಡಿಗರು ಸ್ನಾಯುಗಳನ್ನೇ ಕಂಡರು. ಎಳೆ ಎಳೆಯಾದ ಮಾಂಸಖಂಡ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಮಾರ್ಪಟ್ಟಿತ್ತು. ಅದು ನಮ್ಮ ಹಲ್ಲು ಎಲುಬುಗಳ ಖನಿಜ. ಹೆಣ ಕೊಳೆಯುವಾಗ ಅದರದೇ ದೇಹದಿಂದ ಬಿಡುಗಡೆಯಾದ ಫಾಸ್ಫರಸ್, ಒಳಗಿನ ಪುಟ್ಟ ಪರಿಸರದಲ್ಲಿ ಆಮ್ಲತೆ ಬದಲಾದ ಕೂಡಲೇ ಮಾಂಸದ ಜಾಗದಲ್ಲೇ ಹರಳುಗಟ್ಟುತ್ತದೆ. ಇದು ಬೇಗ ನಡೆಯಬೇಕು. ಕೊಳೆತ ಮುಂದೆ ಓಡುತ್ತಿರುತ್ತದೆ, ಖನಿಜ ಅದನ್ನು ಹಿಡಿಯಬೇಕು. ಈ ಓಟದಲ್ಲಿ ಖನಿಜ ಗೆಲ್ಲುವುದು ವಿರಳ. ನುಸ್‌ಪ್ಲಿಂಗೆನ್ನಿನ ಮಾಂಸದ ಎಳೆಗಳ ಮೇಲೆ ಇನ್ನೊಂದು ಬಗೆಯ ಗುರುತುಗಳೂ ಇದ್ದವು. ಗುಂಡನೆಯವು ಕೆಲವು, ಸುರುಳಿಯವು ಕೆಲವು. ಆ ಹೆಣವನ್ನು ತಿನ್ನಲು ಬಂದಿದ್ದ ಸೂಕ್ಷ್ಮಜೀವಿಗಳು ಅವು, ತಿನ್ನುತ್ತಿದ್ದಂತೆಯೇ ಅವೂ ಕಲ್ಲಾಗಿದ್ದವು.

ಈಗ ಅಟ್ಲಾಂಟಿಕ್ ದಾಟಬೇಕು. ಅಮೆರಿಕದ ಇಲಿನಾಯ್ ರಾಜ್ಯದ ಮೇಜನ್ ಕ್ರೀಕ್ ಸುತ್ತಮುತ್ತ ಕಲ್ಲಿದ್ದಲಿಗಾಗಿ ನೆಲ ಬಗೆದು ಹಾಕಿದ ಮಣ್ಣಿನ ರಾಶಿಗಳಲ್ಲಿ ಆಲೂಗಡ್ಡೆಯಂಥ ಕಂದುಗುಂಡುಗಳು ಸಿಗುತ್ತವೆ. ಅವುಗಳ ವಯಸ್ಸು ಸುಮಾರು 31 ಕೋಟಿ ವರ್ಷ. ಒಳಗಿರುವುದು ಜರೀಗಿಡದ ಎಲೆಯಿರಬಹುದು, ಜೆಲ್ಲಿಮೀನಿರಬಹುದು, ಏನೂ ಇಲ್ಲದೆಯೂ ಇರಬಹುದು. ಸುತ್ತಿಗೆಯಿಂದ ಬಡಿದರೆ ಎಲ್ಲೆಂದರಲ್ಲಿ ಒಡೆಯುತ್ತದೆಂದು ಹವ್ಯಾಸಿಗಳು ತಾಳ್ಮೆಯ ದಾರಿ ಹಿಡಿದಿದ್ದಾರೆ. ಗುಂಡುಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ ಚಳಿಗಾಲದಲ್ಲಿ ಹೊರಗಿಡುತ್ತಾರೆ, ಇಲ್ಲವೇ ಫ್ರೀಜರಿಗೆ ಹಾಕುತ್ತಾರೆ. ಒಳಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಹಲವು ಸುತ್ತಿನ ಬಳಿಕ ಗುಂಡು ತನ್ನ ದುರ್ಬಲ ಗೆರೆಯಲ್ಲಿ, ಎಂದರೆ ಜೀವಿ ಮಲಗಿರುವ ಗೆರೆಯಲ್ಲೇ, ಇಬ್ಭಾಗವಾಗುತ್ತದೆ.

ಆ ಗುಂಡುಗಳು ಕಬ್ಬಿಣದ ಕಾರ್ಬೊನೇಟ್. ನದಿಗಳು ಕಬ್ಬಿಣದ ಅಂಶವಿದ್ದ ಮಣ್ಣನ್ನು ಹೊತ್ತು ತಂದು ಅಳಿವೆಯಲ್ಲಿ ಸುರಿಯುತ್ತಿದ್ದವು. ಹೂತುಹೋದ ದೇಹ ಕೊಳೆಯುವಾಗ ಬಿಟ್ಟ ಇಂಗಾಲದ ಅಂಶ ಆ ಕಬ್ಬಿಣದ ಜೊತೆ ಸೇರಿ ದೇಹದ ಸುತ್ತ ಗಟ್ಟಿಯಾದ ಹೊದಿಕೆ ಕಟ್ಟಿತು. ಕಡಲ ನೀರಿನಲ್ಲಾಗಿದ್ದರೆ ಗಂಧಕ ಮುಂದೆ ಬಂದು ಕಬ್ಬಿಣವನ್ನು ಕಸಿದುಕೊಳ್ಳುತ್ತಿತ್ತು. ನದಿಯ ಸಿಹಿನೀರು ಬೆರೆತ ಅಳಿವೆಯಲ್ಲಿ ಗಂಧಕ ಕಡಿಮೆಯಿದ್ದದ್ದು ಒಳ್ಳೆಯದಾಯಿತು. ಹೀಗೆ ಸತ್ತವರು ತಮ್ಮ ಗೋರಿಯನ್ನು ತಾವೇ ಕಟ್ಟಿಕೊಂಡರು ಎನ್ನಬಹುದು.

ಈ ಗುಂಡುಗಳಲ್ಲಿ ಯೂಪ್ರೂಪ್ಸ್ ಡಾನೆ ಎಂಬ ಪುಟ್ಟ ಲಾಳದೇಡಿ ಸಿಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಪೀಬಡಿ ಸಂಗ್ರಹಾಲಯದಲ್ಲಿದ್ದ ಒಂದು ಮಾದರಿಯಲ್ಲಿ, ತಲೆಯ ನಡುಭಾಗದಲ್ಲಿ, ಬಿಳಿಯ ಚಿತ್ತಾರವೊಂದು ಕಾಣುತ್ತಿತ್ತು. ರಸೆಲ್ ಬಿಕ್ನೆಲ್ ಮತ್ತು ಸಂಗಡಿಗರು 2021ರಲ್ಲಿ ಅದೇನೆಂದು ತಿಳಿಸಿದರು. ಅದು ಮಿದುಳು. ದೇಹದಲ್ಲಿ ಎಲ್ಲಕ್ಕಿಂತ ಮೊದಲು ಕರಗಿಹೋಗುವ ಅಂಗಗಳಲ್ಲೊಂದು, 31 ಕೋಟಿ ವರ್ಷ ಹಳೆಯ ಗುಂಡಿನೊಳಗೆ.

ಉಳಿದದ್ದು ಮಿದುಳಿನ ದ್ರವ್ಯವಲ್ಲ. ಲೋಹದ ವಿಗ್ರಹ ಎರಕ ಹೊಯ್ಯುವವರು ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ ಹುಯ್ಯುತ್ತಾರಲ್ಲ, ಇಲ್ಲಿ ನಡೆದದ್ದು ಅದೇ. ಮಿದುಳು ಇನ್ನೂ ಆಕಾರ ಕಳೆದುಕೊಳ್ಳುವ ಮೊದಲೇ ಕಬ್ಬಿಣದ ಕಾರ್ಬೊನೇಟ್ ಅದರ ಸುತ್ತ ಗಟ್ಟಿಯಾಯಿತು. ಆಮೇಲೆ ಮಿದುಳು ಕರಗಿತು. ಅದು ಬಿಟ್ಟ ಟೊಳ್ಳಿನಲ್ಲಿ ಮುಂದೆಂದೋ ಕೆಯೊಲಿನ್, ಎಂದರೆ ಪಿಂಗಾಣಿಗೆ ಬಳಸುವ ಬಿಳಿಮಣ್ಣು, ತುಂಬಿಕೊಂಡಿತು. ಕಂದುಕಲ್ಲಿನಲ್ಲಿ ಬಿಳಿ ಮಿದುಳು ಎದ್ದು ಕಾಣುವುದು ಅದಕ್ಕೇ. ಅದನ್ನು ಇಂದಿನ ಲಾಳದೇಡಿಯ ಮಿದುಳಿನ ಪಕ್ಕ ಇಟ್ಟು ನೋಡಿದರೆ ಜೋಡಣೆ ಬಹುಮಟ್ಟಿಗೆ ಒಂದೇ. ಇಂದಿನದರಲ್ಲಿ ಮಿದುಳು ಅನ್ನನಾಳವನ್ನು ಸುತ್ತುವರಿದಿರುತ್ತದೆ, ತಿಂದದ್ದು ಮಿದುಳಿನ ನಡುವಿನಿಂದಲೇ ಹಾದುಹೋಗುತ್ತದೆ.

‘ಬದಲಾಗದ ಜೀವಿ’ ಎಂಬ ಮಾತು

ಇಷ್ಟು ಹೇಳಿದ ಮೇಲೆ ‘ಜೀವಂತ ಪಳೆಯುಳಿಕೆ’ ಎಂಬ ಬಿರುದು ನಾಲಿಗೆಗೆ ಬರುತ್ತದೆ. 1859ರಲ್ಲಿ ಡಾರ್ವಿನ್ ಬಳಕೆಗೆ ತಂದ ಆ ಮಾತನ್ನು ಲಾಳದೇಡಿಗೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಕಾಲು ಭಾಗ ಪುಟ ಓದಿದವರೂ ‘ಕೋಟ್ಯಂತರ ವರ್ಷ ಬದಲಾಗದ ಜೀವಿ’ ಎಂದು ಮುಗಿಸಿಬಿಡುತ್ತಾರೆ. ಕಲ್ಲು ಬೇರೆ ಮಾತು ಹೇಳುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಟ್ರಯಾಸಿಕ್ ಕಲ್ಲುಗಳಲ್ಲಿ ಸಿಕ್ಕ ಆಸ್ಟ್ರೋಲಿಮ್ಯುಲಸ್ ಸಿಹಿನೀರಿನ ಜೀವಿ. ಅದರ ಗುರಾಣಿಯ ಎರಡು ಮೂಲೆಗಳು ಬಗ್ಗಿಸಿದ ಬಿಲ್ಲಿನಂತೆ ಹೊರಕ್ಕೆ ಚಾಚಿವೆ. 2017ರಲ್ಲಿ ಅಮೆರಿಕದ ಐಡಹೋದಿಂದ ವರ್ಣಿಸಿದ ಇನ್ನೊಂದಕ್ಕೆ, ಗುರಾಣಿ ಸಿನಿಮಾದ ಡಾರ್ತ್ ವೇಡರನ ಶಿರಸ್ತ್ರಾಣದಂತಿದೆ ಎಂದು ವೇಡರ್‌ಲಿಮ್ಯುಲಸ್ ಎಂದು ಹೆಸರಿಟ್ಟರು. ಈ ವಂಶ ಸಿಹಿನೀರಿಗೆ ನುಗ್ಗಿತ್ತು, ವಿಚಿತ್ರ ಆಕಾರಗಳನ್ನು ತಾಳಿತ್ತು, ಆ ಕವಲುಗಳು ಅಳಿದವು. ಹೊರಗಿನ ಆಕಾರ ಹೆಚ್ಚು ಬದಲಾಗದ ಕವಲು ಉಳಿಯಿತು. ಅದರ ಒಳಗೂ ಸುಮ್ಮನಿರಲಿಲ್ಲ, ಇವುಗಳ ಜೀನೋಮ್ ಇಡಿಯಾಗಿ ಇಮ್ಮಡಿಗೊಂಡ ಗುರುತುಗಳು ಇತ್ತೀಚಿನ ಅಧ್ಯಯನಗಳಲ್ಲಿ ಸಿಕ್ಕಿವೆ.

ಆ ಉಳಿದ ಕವಲಿನಲ್ಲಿ ಇಂದು ನಾಲ್ಕೇ ಪ್ರಭೇದಗಳು. ಒಂದು ಉತ್ತರ ಅಮೆರಿಕದ ಅಟ್ಲಾಂಟಿಕ್ ತೀರದ್ದು, ಮೂರು ಏಷ್ಯಾದವು. ಅಮೆರಿಕದ ಲಾಳದೇಡಿಯ ಕಣ್ಣನ್ನು ಅಭ್ಯಸಿಸಿದ ಹಾಲ್ಡನ್ ಕೆಫರ್ ಹಾರ್ಟ್‌ಲೈನ್ 1967ರಲ್ಲಿ ನೊಬೆಲ್ ಹಂಚಿಕೊಂಡರು. ತಾಮ್ರವಿರುವ ಅದರ ನೀಲಿ ರಕ್ತದಿಂದ ತೆಗೆದ ಸಾರ, ಲಸಿಕೆ ಮತ್ತು ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಇದೆಯೇ ಎಂದು ಪತ್ತೆಹಚ್ಚುತ್ತದೆ. ಈ ಪುಟ ಓದುತ್ತಿರುವ ಬಹುಪಾಲು ಜನರ ತೋಳಿಗೆ ಇಳಿದ ಯಾವುದಾದರೊಂದು ಮದ್ದು ಆ ಪರೀಕ್ಷೆ ದಾಟಿ ಬಂದದ್ದೇ ಇರಬೇಕು. ರಕ್ತಕ್ಕಾಗಿ ಅವನ್ನು ಹಿಡಿಯುವ ಅಗತ್ಯವನ್ನು ತಪ್ಪಿಸುವ ಕೃತಕ ಪರ್ಯಾಯವನ್ನು ಸಿಂಗಪುರದ ವಿಜ್ಞಾನಿಗಳು ಆಗಲೇ ರೂಪಿಸಿದ್ದಾರೆ. ಅದು ಎಲ್ಲ ಕಡೆ ಬಳಕೆಗೆ ಬರುವುದನ್ನು ನಾನು ಕಾಯುತ್ತಿದ್ದೇನೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಮೆರಿಕದ ಪ್ರಭೇದ 2016ರಲ್ಲಿ ದುರ್ಬಲವೆಂದೂ ಪೂರ್ವ ಏಷ್ಯಾದ ಮೂರುಮುಳ್ಳಿನ ಪ್ರಭೇದ 2019ರಲ್ಲಿ ಅಳಿವಿನಂಚಿನದೆಂದೂ ದಾಖಲಾಗಿವೆ.

ಏಷ್ಯಾದ ಮೂರರಲ್ಲಿ ಎರಡು ಭಾರತಕ್ಕೂ ಸೇರಿದವು. ಅವುಗಳ ನೆಲೆ ನಮ್ಮ ಪಶ್ಚಿಮ ಕರಾವಳಿಯಲ್ಲ, ಒಡಿಶಾ ಮತ್ತು ಪಶ್ಚಿಮ ಬಂಗಾಳದ ತೀರ. ಒಂದು ಬಾಲಸೋರ್ ಕಡೆಯ ಮರಳಿಗೆ ಬರುತ್ತದೆ, ಇನ್ನೊಂದು ಸುಂದರಬನದ ಕಾಂಡ್ಲಾ ಕೆಸರಿನದು. ನಮ್ಮ ವನ್ಯಜೀವಿ ಕಾನೂನಿನ ರಕ್ಷಣೆ ಇವೆರಡಕ್ಕೂ ಇದೆ. ಬಾಲಸೋರಿನ ತೀರದಲ್ಲಿ ಭರತ ಏರಿದಾಗ ಹೆಣ್ಣು ಮೊಟ್ಟೆಯಿಡಲು ಮೇಲೆ ಬರುತ್ತದೆ, ಅದರ ಬೆನ್ನಿಗೆ ಕೊಕ್ಕೆ ಹಾಕಿ ಹಿಡಿದುಕೊಂಡೇ ಗಂಡೂ ಬರುತ್ತದೆ. ಒದ್ದೆ ಮರಳಿನ ಮೇಲೆ ಎರಡು ಬದಿಗೂ ಚುಕ್ಕಿಗಳ ಸಾಲು, ನಡುವೆ ಆಗಾಗ ಕಾಣಿಸಿಕೊಳ್ಳುವ ಒಂದು ಗೆರೆ. ಅಲ್ಲಿ ಗಾಳಿಯಿದೆ, ಅಲೆಯಿದೆ, ಮರಳನ್ನು ಕೊರೆಯುವ ಹುಳುಗಳಿವೆ, ಮೊಟ್ಟೆ ಹುಡುಕುವ ಹಕ್ಕಿಗಳಿವೆ. ಮೊಟ್ಟೆಯನ್ನು ಮರಳಿನಡಿ ಮುಚ್ಚಿಟ್ಟು ಜೋಡಿ ನೀರಿಗೆ ಮರಳುತ್ತದೆ. ಮುಂದಿನ ಭರತ ಬರುವ ಹೊತ್ತಿಗೆ ಆ ಗೆರೆ ಇರುವುದಿಲ್ಲ.